ಅತ್ತೆಯವರ ಬಳ್ಳಿಯ ಡಿಎನ್‌ಎ

ನಮ್ಮ ಅತ್ತೆಯವರ ಅಮೃತಬಳ್ಳಿ ವಿಶಾಖಪಟ್ಟಣಕ್ಕೆ ಬಂದದ್ದು ರೈಲಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತುಕೊಂಡು. ಸೀಟು ನನ್ನದು. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನನ್ನ ಗಂಡನಿಗೆ ವಿಜಯವಾಡದಿಂದ ಇಲ್ಲಿಗೆ ವರ್ಗವಾದಾಗ ಮಂಚ, ಬೀರು, ಮಿಕ್ಸಿ ಎಲ್ಲವೂ ಲಾರಿಯಲ್ಲಿ ಹೋದವು. ಈ ಕುಂಡವನ್ನು ಮಾತ್ರ ಲಾರಿಯವರ ಕೈಗೆ ಕೊಡಲು ಅತ್ತೆ ಒಪ್ಪಲಿಲ್ಲ. ಮೈಸೂರಿನ ತವರುಮನೆಯಿಂದ ಒಂದು ಗೇಣು ಕಾಂಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ವಿಜಯವಾಡದ ಪಟಮಟ ಬಡಾವಣೆಯ ಬಾಡಿಗೆ ಮನೆಯ ಅಂಗಳದಲ್ಲಿ ಎಂಟು ವರ್ಷ ಬೆಳೆಸಿದ ಬಳ್ಳಿ ಅದು. ಏಲೂರು ದಾಟಿದ ಮೇಲೆ ಟಿಕೆಟ್ ನೋಡುವವರು ಬಂದು, ಈ ಸೀಟು ಯಾರದು ಎಂದು ತೆಲುಗಿನಲ್ಲಿ ಕೇಳಿದರು. ಅತ್ತೆ ಬಳ್ಳಿಯನ್ನು ತೋರಿಸಿದರು. ಅವರು ಒಮ್ಮೆ ಬಳ್ಳಿಯನ್ನೂ ಒಮ್ಮೆ ನಿಂತಿದ್ದ ನನ್ನನ್ನೂ ನೋಡಿ, ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡು ಮುಂದೆ ಹೋದರು. ಆ ಗುರುತು ಏನೆಂದು ನಾನು ಇವತ್ತಿಗೂ ಯೋಚಿಸುವುದುಂಟು.

ಇಲ್ಲಿ ನಮ್ಮ ಮನೆ ಏಳನೆಯ ಮಹಡಿಯಲ್ಲಿ. ಸಮುದ್ರದ ಗಾಳಿಗೆ ಬಾಲ್ಕನಿಯ ಗ್ರಿಲ್ಲು ಆರು ತಿಂಗಳಲ್ಲೇ ತುಕ್ಕು ಹಿಡಿದಿತ್ತು. ಮುಂದಿನ ಆರು ತಿಂಗಳಲ್ಲಿ ಬಳ್ಳಿ ಆ ತುಕ್ಕನ್ನೆಲ್ಲ ಮುಚ್ಚಿತು. ಪ್ರತಿದಿನ ಬೆಳಿಗ್ಗೆ ಅತ್ತೆ ಬೆರಳುದ್ದ ಕಾಂಡವನ್ನೂ ನಾಲ್ಕೆಲೆಯನ್ನೂ ಜಜ್ಜಿ, ಮೆಣಸು ಹಾಕಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಚೂರು ಬೆಲ್ಲ ಹಾಕುತ್ತಿದ್ದರು. ಆ ಬೆಲ್ಲದ ಚೂರು ಕಹಿಯನ್ನು ಕಡಿಮೆ ಮಾಡುವುದಿಲ್ಲ. ಕಹಿ ಎಷ್ಟಿದೆ ಎಂದು ಎತ್ತಿ ತೋರಿಸುತ್ತದೆ, ಅಷ್ಟೆ. ಒಂದು ಲೋಟ ನನಗೆ. ಮಗನಿಗೆ ಬಾಟಲಿಯಲ್ಲಿ, ಆಫೀಸಿನಲ್ಲಿ ಕುಡಿಯಲು. ಇನ್ನುಳಿದದ್ದು ಫ್ಲಾಸ್ಕಿನಲ್ಲಿ ಲಿಫ್ಟಿಳಿದು ಕೆಳಗಿನ ಮೂರು ಮನೆಗಳಿಗೆ. ಅತ್ತೆ ಸ್ವತಃ ಕುಡಿಯುತ್ತಿರಲಿಲ್ಲ.

"ನನಗೆ ಯಾವ ಕಾಯಿಲೆ ಇದೆ ಅಂತ ಕುಡೀಲಿ?" ಎನ್ನುತ್ತಿದ್ದರು. ನನಗೆ ಯಾವ ಕಾಯಿಲೆ ಇದೆ ಎಂದು ಮಾತ್ರ ಯಾವತ್ತೂ ಹೇಳಲಿಲ್ಲ.

ಇದೇ ಬಳ್ಳಿಗೆ ತೆಲುಗಿನಲ್ಲಿ ತಿಪ್ಪತೀಗ ಎನ್ನುತ್ತಾರೆ. ತೀಗ ಎಂದರೆ ಬಳ್ಳಿ, ಅದು ಸರಿ. ಆದರೆ ತಿಪ್ಪ ಎಂದಕೂಡಲೇ ನಮ್ಮ ಅತ್ತೆಗೆ ಊರಾಚೆಯ ತಿಪ್ಪೆಗುಂಡಿಯೇ ಕಣ್ಣ ಮುಂದೆ. "ನಮ್ಮಮ್ಮನ ಮನೆ ಬಳ್ಳೀನ ತಿಪ್ಪೆ ಅಂತಾರಲ್ಲೇ, ಇವರ ಬಾಯಲ್ಲಿ ಏನಿದೆ?" ಹನ್ನೊಂದು ವರ್ಷದಲ್ಲಿ ಅವರು ತರಕಾರಿಯವನ ಜೊತೆ ತೆಲುಗಿನಲ್ಲಿ ಜಗಳವಾಡುವಷ್ಟು ಕಲಿತರು, ಈ ಒಂದು ಪದವನ್ನು ಮಾತ್ರ ನಾಲಿಗೆಗೆ ತಂದುಕೊಳ್ಳಲಿಲ್ಲ. ಯಾರು ಕೇಳಿದರೂ ಅಮೃತಬಳ್ಳಿ ಎಂದೇ ಹೇಳುತ್ತಿದ್ದರು.

ಪಟಮಟದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಹುಡುಗಿಯೊಬ್ಬಳು, ಆಗ ಎರಡು ಜಡೆ ಹಾಕಿಕೊಂಡು ಸಿಟಿ ಬಸ್ಸಿನ ಹಿಂದೆ ಓಡುತ್ತಿದ್ದವಳು, ಈಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ವಿಷಯ ಔಷಧಿ ಗಿಡಗಳ ಡಿಎನ್‌ಎ. ಹಾಸ್ಟೆಲಿನ ಊಟ ತಿಂದು ತಿಂದು ಸೊರಗಿ ಭಾನುವಾರ ನಮ್ಮ ಮನೆಗೆ ಬರುತ್ತಾಳೆ, ಬಿಸಿಬೇಳೆ ಭಾತ್ ತಿನ್ನಲು. ನನ್ನನ್ನು ಆಂಟಿ ಎನ್ನುತ್ತಾಳೆ, ಅತ್ತೆಯವರನ್ನು ಬಾಮ್ಮ, ಅಂದರೆ ಅಜ್ಜಿ. ಅವಳಿಗೆ ಕನ್ನಡ ಬಾರದು. ನಮ್ಮ ಮಾತೆಲ್ಲ ತೆಲುಗಿನಲ್ಲೇ ನಡೆಯುವುದು, ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷದ ಒಂದು ಭಾನುವಾರ ಅವಳು ಎರಡನೆಯ ಸಲ ಬಡಿಸಿಕೊಳ್ಳುತ್ತಾ ತನ್ನ ಕೆಲಸದ ಬಗ್ಗೆ ಹೇಳಿದಳು. ಒಣಗಿಸಿ ಪುಡಿ ಮಾಡಿದ ಮೇಲೆ ಯಾವ ಗಿಡ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುತ್ತಾರೆ. ಅದಕ್ಕೆ ಗಿಡದೊಳಗಿನ ಬಾರ್‌ಕೋಡ್ ಓದಿ ಪತ್ತೆ ಮಾಡಬೇಕು.

"ಬಾರ್‌ಕೋಡ್ ಅಂದ್ರೆ, ಸಾಬೂನಿನ ಮೇಲೆ ಕಪ್ಪು ಗೆರೆ ಇರತ್ತಲ್ಲ, ಅದೇ?" ಅತ್ತೆ ಕೇಳಿದರು.

"ಹಾಗೇ ಅಂದ್ಕೊಳ್ಳಿ ಬಾಮ್ಮಾ. ಎಲೆಯೊಳಗೆ ಬರೆದಿರತ್ತೆ."

ಅತ್ತೆ ಬಾಲ್ಕನಿಗೆ ಹೋಗಿ ಎಲೆಯೊಂದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ ಬಂದರು. "ನನ್ನ ಬಳ್ಳಿಗಿಲ್ಲ."

ಹುಡುಗಿ ನಕ್ಕಳು. ನಕ್ಕು, ತುತ್ತನ್ನು ಬಾಯಿಗಿಡುತ್ತಾ, ಮುಂದಿನ ಮಾತನ್ನು ಆಡಿದಳು. ಅದನ್ನು ಆಡದೆ ಹಪ್ಪಳಕ್ಕೆ ಕೈ ಹಾಕಿದ್ದರೆ ನಮ್ಮ ಮನೆಯಲ್ಲಿ ಒಂದು ತಿಂಗಳ ಶಾಂತಿ ಉಳಿಯುತ್ತಿತ್ತು.

"ಈಗ ತಿಪ್ಪತೀಗಾನೇ ತಗೊಳ್ಳಿ. ಅದರ ಹಾಗೇ ಕಾಣೋ ಇನ್ನೊಂದು ಇದೆ. ಎಲೆ ಅದೇ ಥರ, ಬಳ್ಳಿ ಅದೇ ಥರ. ಅದನ್ನ ದಿನಾ ಕುಡಿದ್ರೆ ಲಿವರ್‌ಗೆ ತೊಂದರೆ ಆಗಬಹುದು ಅಂತಾರೆ. ಎಷ್ಟೋ ಜನ ಗೊತ್ತಿಲ್ಲದೆ ಮನೇಲೇ ಬೆಳೆಸಿಕೊಂಡು..."

ಅಲ್ಲಿಗೆ ಅವಳಿಗೂ ತಾನೇನು ಹೇಳುತ್ತಿದ್ದೇನೆಂದು ಹೊಳೆಯಿತು. ಊಟಕ್ಕೆ ಕೂತಿದ್ದ ನನ್ನ ಗಂಡನೂ ಸೇರಿ ನಾಲ್ವರೂ ಬಾಲ್ಕನಿಯ ಕಡೆ ನೋಡಿದೆವು. ಬಳ್ಳಿ ಗಾಳಿಗೆ ತಲೆಯಾಡಿಸುತ್ತಿತ್ತು, ಹೌದೆಂದೋ ಅಲ್ಲವೆಂದೋ ತಿಳಿಯದಂತೆ.

"ನಿಮ್ಮದು ಒಳ್ಳೇದೇ ಇರತ್ತೆ ಬಾಮ್ಮಾ," ಎಂದಳು ಹುಡುಗಿ.

"ಇರತ್ತೆ ಅನ್ನೋದು ಬೇಡ. ಇದೆಯೋ ಇಲ್ಲವೋ ಹೇಳು."

"ಟೆಸ್ಟ್ ಮಾಡ್ದೆ ಹೇಗೆ ಹೇಳಲಿ?"

"ಹಾಗಾದ್ರೆ ಮಾಡು."

ಮರುದಿನ ಬೆಳಿಗ್ಗೆ ಕಷಾಯದ ಪಾತ್ರೆ ಒಲೆಯ ಮೇಲೇರಲಿಲ್ಲ. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೋರಲು ಹಾಕಿ, ಅದರೆದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಗೆ ಕೆಲಸವಿಲ್ಲದೆ ಸೆರಗಿನ ಅಂಚನ್ನು ಮಡಿಚುವುದು, ಬಿಚ್ಚುವುದು.

"ಅಮ್ಮನ್ನ ಸಸ್ಪೆಂಡ್ ಮಾಡಿದಾರೆ," ಎಂದರು ನನ್ನ ಗಂಡ ಷೂ ಲೇಸು ಕಟ್ಟುತ್ತಾ. "ಎನ್‌ಕ್ವೈರಿ ಮುಗಿಯೋವರೆಗೂ ಸೀಟಿನಲ್ಲಿ ಕೂತಿರಬೇಕು, ಪೇಪರ್ ಮುಟ್ಟೋ ಹಾಗಿಲ್ಲ."

ಅತ್ತೆ ನಗಲಿಲ್ಲ. ಮಗ ಆಫೀಸಿಗೆ ಹೋದ ಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಮೂರು ವರ್ಷ ಈ ಕೈಯಾರೆ ಕೊಟ್ಟಿದೀನಲ್ಲೇ ಜನಕ್ಕೆ. ಅದು ಇದಲ್ಲ ಅಂತಾದ್ರೆ ನಾನು ಯಾರ ಮುಖ ನೋಡಲಿ?" ಆಗ ನನಗೂ ನಗು ಬರಲಿಲ್ಲ. ಅವರು ಅಂದಿನಿಂದ ಲಿಫ್ಟಿಳಿಯುವುದನ್ನೇ ಬಿಟ್ಟರು. ಕೆಳಗಿನ ಮನೆಯವರು ಸಿಕ್ಕರೆ ಅವರ ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ನೋಡಿಕೊಂಡು ಬರುವಂತೆ ನನಗೆ ಹೇಳಿದರು. ನಾನೂ ನೋಡುತ್ತಿದ್ದೆ. ಎರಡನೆಯ ಮಹಡಿಯಲ್ಲಿರುವ ಟೀಚರ್ ಒಮ್ಮೆ, "ನನ್ನ ಕಣ್ಣಲ್ಲಿ ಏನಾದ್ರೂ ಬಿದ್ದಿದೆಯಾ ಆಂಟಿ?" ಎಂದು ಕರವಸ್ತ್ರ ತೆಗೆದರು.

ಹುಡುಗಿ ಮಾದರಿ ಹೇಗೆ ಕಳಿಸಬೇಕೆಂದು ತಿಳಿಸಿದ್ದಳು. ಎಳೆಯ ಕುಡಿಯೊಂದನ್ನು ಕತ್ತರಿಸಿ, ಹೊಸ ಕೈಚೀಲಗಳೊಳಗೆ ಬರುತ್ತವಲ್ಲ, ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ, ಅಂಥವೆರಡನ್ನು ಜೊತೆಗಿಟ್ಟು, ಲಕೋಟೆಗೆ ಹಾಕಿ, ಮೇಲೆ ಚೀಟಿ ಅಂಟಿಸಬೇಕು. ಅವಳು ಆ ವಾರ ಅರಕು ಬೆಟ್ಟಗಳ ಕಡೆ ಗಿಡ ಹುಡುಕಲು ಹೋಗುವವಳಿದ್ದಳು. ಲ್ಯಾಬಿನ ಸ್ಟೋರ್ ನೋಡಿಕೊಳ್ಳುವ ಮೇಡಂ ಕೈಗೆ ತಲುಪಿಸಿದರೆ ಸಾಕು ಎಂದಳು.

ಚೀಟಿ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಓದಿದ್ದು ಕಾನ್ವೆಂಟಿನಲ್ಲಿ. ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದಕ್ಷರ ಗೆರೆ ಮೀರಿದರೆ ಸಿಸ್ಟರ್ ಇಡೀ ಪುಟವನ್ನು ಮತ್ತೆ ಬರೆಸುತ್ತಿದ್ದರು. ಮದುವೆಯಾದ ಮೇಲೆ ಆ ಕೈಬರಹಕ್ಕೆ ಉಪ್ಪಿನಕಾಯಿ ಜಾಡಿಗಳ ಹೊರತು ಬೇರೆ ಓದುಗರಿರಲಿಲ್ಲ. ಈಗ ವಿಶ್ವವಿದ್ಯಾಲಯಕ್ಕೇ ಹೋಗುತ್ತದೆಂದಾಗ ಇಂಕ್ ಪೆನ್ನು ತೆಗೆದೆ.

"ತಿಪ್ಪೆ ಗಿಪ್ಪೆ ಅಂತ ಬರೀಬೇಡ," ಅತ್ತೆ ಬೆನ್ನ ಹಿಂದೆಯೇ ನಿಂತಿದ್ದರು. "ಅಮೃತಬಳ್ಳಿ ಅಂತಲೇ ಬರಿ."

ಬರೆದೆ.

"ತುದಿ ಮಾತ್ರ ಕಳಿಸಿದೀವಿ ಅಂತ ಬರಿ. ಇವತ್ತು ಬೆಳಿಗ್ಗೆ ಕತ್ತರಿಸಿದ್ದು ಅಂತಲೂ ಬರಿ. ಮತ್ತೆ ಬೆಳೆಯತ್ತೆ, ಬೇಕಾದ್ರೆ ಇನ್ನೂ ಕೊಡ್ತೀವಿ ಅಂತ ಬರಿ. ನಾವು ಜಿಪುಣರು ಅಂದ್ಕೋಬಾರದು."

ಎಲ್ಲವನ್ನೂ ಇಂಗ್ಲಿಷಿನಲ್ಲಿ, ಬಳುಕುವ ಅಕ್ಷರಗಳಲ್ಲಿ, ಗೆರೆ ಮೀರದಂತೆ ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿ ಕಳಿಸಿದೆ.

ಇಲ್ಲೊಂದು ವಿಷಯ ಹೇಳಬೇಕು. ತೆಲುಗಿನಲ್ಲಿ ಬಲ್ಲಿ ಎಂದರೆ ಹಲ್ಲಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪಟಮಟದ ಅಡುಗೆಮನೆಯಲ್ಲಿ ಬಲ್ಲಿ ಬಲ್ಲಿ ಎಂದು ಕೂಗಿಕೊಂಡು ಸ್ಟೂಲಿನ ಮೇಲೆ ಹತ್ತಿದವಳು ನಾನೇ. ಆದರೆ ನಮ್ಮ ಬಳ್ಳಿಯ ಳ ಬೇರೆ, ಅವರ ಬಲ್ಲಿಯ ಲ ಬೇರೆ. ಎರಡೂ ನನ್ನ ತಲೆಯೊಳಗೆ ಬೇರೆಬೇರೆ ಕೋಣೆಗಳಲ್ಲಿ ಇದ್ದವು. ಇಂಗ್ಲಿಷಿಗೆ ಳ ಇಲ್ಲ. ಬರೆದಾಗ ಎರಡೂ ಒಂದೇ ಆಗುತ್ತವೆಂದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಇಂಕು ಒಣಗಿತೇ ಎಂದು ಊದುವುದರಲ್ಲಿದ್ದೆ.

ಮರುದಿನ ಮಧ್ಯಾಹ್ನ ಫೋನ್ ಬಂತು. ಸ್ಟೋರಿನ ಮೇಡಂ. ಗಂಭೀರ ಧ್ವನಿ.

"ಮೇಡಂ, ಈ ಬಲ್ಲಿ ನಿಮ್ಮ ಮನೆಯದೇನಾ?"

"ಹೌದು ಮೇಡಂ. ನಮ್ಮ ಅತ್ತೆಯವರದು."

"ಸಾಕಿದೀರಾ?"

"ಹನ್ನೊಂದು ವರ್ಷದಿಂದ."

"ತುದಿ ಮಾತ್ರ ಕಳಿಸಿದೀರಿ. ಉಳಿದದ್ದು ಎಲ್ಲಿದೆ?"

"ಬಾಲ್ಕನಿ ಗ್ರಿಲ್ ಮೇಲಿದೆ."

"ಜೀವಂತ ಇದೆಯಾ?"

"ಚೆನ್ನಾಗಿದೆ ಮೇಡಂ. ಪಕ್ಕದ ಮನೆ ಎ.ಸಿ. ಹತ್ತಿರ ಹೋಗ್ತಾನೇ ಇರತ್ತೆ, ದಿನಾ ಎಳೆದು ಈಚೆಗೆ ತರೋದೇ ಕೆಲಸ."

"ಉದ್ದ ಎಷ್ಟಿರಬಹುದು?"

"ಅಳೆದಿಲ್ಲ. ಇಪ್ಪತ್ತು ಅಡಿ ಇರಬಹುದೇನೋ."

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಇಪ್ಪತ್ತು ಅಡಿ."

"ಮೊದಲು ಇನ್ನೂ ಉದ್ದ ಇತ್ತು ಮೇಡಂ. ದಿನಾ ಸ್ವಲ್ಪ ಸ್ವಲ್ಪ ಕತ್ತರಿಸಿ ಕಷಾಯ ಮಾಡ್ತೀವಲ್ಲ."

"ಕಷಾಯ," ಎಂದರು ಅವರು, ತೀರಾ ಮೆಲ್ಲಗೆ. "ಯಾರು ಕುಡೀತಾರೆ?"

"ಅಪಾರ್ಟ್‌ಮೆಂಟಿನವರೇ. ನಿಮಗೂ ಕಳಿಸಲಾ?"

ಫೋನ್ ಇಟ್ಟುಬಿಟ್ಟರು. ಲೈನ್ ತುಂಡಾಯಿತೆಂದುಕೊಂಡು ನಾನೇ ತಿರುಗಿ ಮಾಡಿದೆ, ಅವರು ಎತ್ತಲಿಲ್ಲ. ಸಂಜೆಗೆ ಹುಡುಗಿ ಅರಕಿನಿಂದ ಒಂದು ಫಾರಂನ ಫೋಟೋ ಕಳಿಸಿದಳು, ಜೊತೆಗೆ ಅಳುತ್ತಾ ನಗುವ ಮುಖಗಳ ಒಂದು ಸಾಲು. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವವರು ಅನುಮತಿಗಾಗಿ ತುಂಬಬೇಕಾದ ಫಾರಂ ಅದು. ಪ್ರಾಣಿ ಗಂಡೋ ಹೆಣ್ಣೋ, ಕತ್ತರಿಸುವಾಗ ನೋವಾಗದಂತೆ ಏನು ಕ್ರಮ ಕೈಗೊಳ್ಳಲಾಯಿತು, ಅನಂತರ ಪ್ರಾಣಿಯ ಸ್ಥಿತಿ ಹೇಗಿದೆ ಎಂದೆಲ್ಲ ಕೇಳಿದ್ದರು. ನಮ್ಮ ಕುಡಿಯನ್ನು, ಲಕೋಟೆ ಬಿಚ್ಚಿಯೂ ನೋಡದೆ, ಪ್ರಾಣಿಗಳ ಫ್ರೀಜರಿನಲ್ಲಿ ಇಲಿಗಳ ಪಕ್ಕ ಮಲಗಿಸಿದ್ದರು. ಅಲ್ಲಿಗೆ ಹೋದ ವಸ್ತುವನ್ನು ಈಚೆಗೆ ತರಲು ಇನ್ನೊಂದು ಫಾರಂ ಬೇಕಂತೆ.

ಅತ್ತೆಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ಅವರು ಮಾತ್ರ ಕಣ್ಣರಳಿಸಿ ಕೇಳಿದರು, "ಹಾಗಾದ್ರೆ ಕಾಯಿದೆ ಪ್ರಕಾರ ಟೆಸ್ಟ್ ಆಗಲ್ವಾ?"

"ಆಗತ್ತೆ ಅತ್ತೆ, ಇನ್ನೊಂದು ಕುಡಿ ಕಳಿಸಬೇಕು."

"ಬೇಗ ಕಳಿಸು. ನನಗೆ ಗಂಟಲಲ್ಲಿ ಅನ್ನ ಇಳೀತಿಲ್ಲ."

ಇನ್ನೊಂದು ಕುಡಿಯ ಕಥೆ ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಆ ಶನಿವಾರ ಅತ್ತೆ ಕೆಳಗಿನವರು ಏಳುವ ಮೊದಲೇ ಲಿಫ್ಟಿಳಿದು ಸಿಂಹಾಚಲಂಗೆ ಹೋಗಿದ್ದರು, ಬಳ್ಳಿ ಅದೇ ಆಗಿರಲಿ ಎಂದು ಸ್ವಾಮಿಗೆ ಹೇಳಿ ಬರಲು. ನಾನು ದೋಸೆ ಹುಯ್ಯುತ್ತಿದ್ದೆ. ಹುಡುಗಿಯ ಲ್ಯಾಬಿನ ಗೆಳತಿಯೊಬ್ಬಳು ಸ್ಕೂಟರಿನಲ್ಲಿ ಬಂದು, ಮೇಲೆ ಬರಲು ಹೊತ್ತಿಲ್ಲ ಎಂದು ಕೆಳಗಿನಿಂದಲೇ ಹಾರನ್ ಹೊಡೆದಳು. ಕಾವಲಿಯ ಮೇಲೆ ದೋಸೆ, ಕೆಳಗೆ ಹಾರನ್. ಓಡಿಹೋಗಿ ಎಲೆ ಕಿತ್ತು, ಚೀಟಿಯ ಮೇಲೆ ಈ ಸಲ ಗಿಡ, ಗಿಡ, ಗಿಡ ಎಂದು ಮೂರು ಸಲ ಬರೆದು ಕೊಟ್ಟೆ. ಮೇಲೆ ಬರುವಷ್ಟರಲ್ಲಿ ದೋಸೆ ಸೀದಿತ್ತು.

ಹತ್ತು ದಿನದ ಮೇಲೆ ಹುಡುಗಿ ಮನೆಗೆ ಬಂದಳು. ಭಾನುವಾರವಲ್ಲ. ಚಪ್ಪಲಿಯನ್ನು ನೆಟ್ಟಗೆ ಜೋಡಿಸಿಟ್ಟಳು. ಸಾಮಾನ್ಯವಾಗಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಬಿಡುವವಳು. ಏನೋ ಸರಿಯಿಲ್ಲ ಎಂದುಕೊಂಡೆ.

"ಆಂಟೀ, ರಿಸಲ್ಟ್ ಬಂತು. ನಿಮ್ಮ ತಿಪ್ಪತೀಗ ಗಿಡಾನೇ ಅಲ್ಲ."

ಅತ್ತೆ ಸೋಫಾದ ಕೈಯನ್ನು ಹಿಡಿದುಕೊಂಡರು. "ಮತ್ತೆ? ಹಲ್ಲಿನಾ?"

"ಶಿಲೀಂಧ್ರ ಬಾಮ್ಮಾ. ಫಂಗಸ್. ಅಣಬೆ ಜಾತಿಯಲ್ಲೇ ಬರೋ, ಹಿಟ್ಟು ಹುಳಿ ಬರಿಸೋ ಯೀಸ್ಟ್." ಆಮೇಲೆ ನನ್ನ ಕಡೆ ತಿರುಗಿದಳು. "ಆಂಟೀ, ಎಲೆ ಕಿತ್ತಾಗ ನಿಮ್ಮ ಕೈಯಲ್ಲಿ ಏನಿತ್ತು?"

ಸಿಸ್ಟರ್ ಎದುರು ನಿಂತವಳಂತೆ ಎರಡೂ ಕೈಯನ್ನು ಮುಂದೆ ಚಾಚಿದೆ. "ದೋಸೆ ಹಿಟ್ಟು."

ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಎಲೆಯಲ್ಲಿರುವ ಡಿಎನ್‌ಎ ಬಹಳ ಸ್ವಲ್ಪ. ಅದನ್ನು ಒಂದು ಮಿಷನ್‌ಗೆ ಹಾಕಿ ಲಕ್ಷಾಂತರ ಪ್ರತಿ ತೆಗೆಯುತ್ತಾರೆ, ಜೆರಾಕ್ಸ್ ಅಂಗಡಿಯ ಹಾಗೆ. ಅವರು ಓದುವ ಆ ತುಣುಕು ಗಿಡಗಳಲ್ಲೂ ಇದೆ, ಫಂಗಸ್‌ಗಳಲ್ಲೂ ಇದೆ. ಮಿಷನ್‌ಗೆ ಯಾವುದು ಸುಲಭವಾಗಿ ಸಿಕ್ಕಿತೋ ಅದರ ಪ್ರತಿ ತೆಗೆಯುತ್ತದೆ. ಈ ಬಳ್ಳಿಯ ಲೋಳೆ ಬೇರೆ ಅಡ್ಡ. ಲೋಳೆಯೊಳಗೆ ಸಿಕ್ಕಿಕೊಂಡ ಬಳ್ಳಿ ಈಚೆಗೆ ಬರಲಿಲ್ಲ, ನನ್ನ ಹಿಟ್ಟು ಸಲೀಸಾಗಿ ಬಂತು.

"ನಮ್ಮ ಗೈಡ್ ಸರ್‌ಗೆ ಬಹಳ ಇಷ್ಟ ಆಯ್ತು ಆಂಟಿ, ಇಷ್ಟು ಸ್ವಚ್ಛವಾದ ರಿಸಲ್ಟ್ ಲ್ಯಾಬಲ್ಲಿ ಯಾರಿಗೂ ಬಂದಿಲ್ಲ ಅಂದ್ರು. ನಿಮ್ಮ ಹಿಟ್ಟು ಚೆನ್ನಾಗಿ ಉಬ್ಬತ್ತಲ್ವಾ?"

"ಉಬ್ಬತ್ತೆ," ಎಂದೆ. ಇಷ್ಟು ವರ್ಷದಲ್ಲಿ ನನ್ನ ದೋಸೆ ಹಿಟ್ಟಿನ ಬಗ್ಗೆ ಹೊರಗಿನವರು ಆಡಿದ ಮೊದಲ ಒಳ್ಳೆಯ ಮಾತು ಅದು. ಸಂತೋಷಪಡಬೇಕೋ ಬೇಡವೋ ಎಂದು ಅತ್ತೆಯ ಮುಖ ನೋಡಿದೆ. ಬೇಡ ಎಂದಿತ್ತು ಆ ಮುಖ.

ಆ ಸಂಜೆ ಪಟಮಟದಿಂದ ಹುಡುಗಿಯ ತಾಯಿ ಫೋನ್ ಮಾಡಿದರು. ನನ್ನನ್ನು ವದಿನ ಎನ್ನುತ್ತಾರೆ, ಅತ್ತಿಗೆ ಎಂದ ಹಾಗೆ. "ವದಿನಾ, ಬಾಮ್ಮಗಾರು ಊಟ ಬಿಟ್ಟಿದಾರಂತೆ? ನಾನು ಹರಕೆ ಹೊತ್ತಿದೀನಿ. ಮೂರನೇ ಸಲಕ್ಕೆ ಡಿಎನ್‌ಎ ಬಂದ್ರೆ ಇಂದ್ರಕೀಲಾದ್ರಿ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತೀನಿ." ಆ ಬೆಟ್ಟದ ಮೇಲಿನ ದುರ್ಗಮ್ಮನಿಗೆ ಇಂಥ ಹರಕೆ ಹೊಸದಿರಬೇಕು. "ಯಾವ ಮಿಷನ್ ಅಂತ ಹೇಳ್ಕೊಳ್ಳಲಿ?" ಎಂದೂ ಕೇಳಿದರು.

ಮೂರನೆಯ ಸಲ ಹುಡುಗಿ ತಾನೇ ಕೀಳುತ್ತೇನೆಂದು ಬಂದಳು. ಸ್ಪಿರಿಟ್, ಹತ್ತಿ, ಕೈಗವಸು ಎಲ್ಲ ತಂದಿದ್ದಳು. "ಈ ಸಲ ಯಾರೂ ಮುಟ್ಟೋ ಹಾಗಿಲ್ಲ ಬಾಮ್ಮಾ. ಕೈ ತಾಗಬಾರದು, ಬಟ್ಟೆ ತಾಗಬಾರದು, ಮಾತಾಡುವಾಗ ಉಗುಳೂ ಹಾರಬಾರದು. ಬೇರೆ ಏನನ್ನೂ ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಬಾರದು. ಇಟ್ಟ ಜಾಗಾನೂ ಒರೆಸಿರಬೇಕು."

ಅತ್ತೆಯ ಮುಖ ಮೂರು ವಾರದಲ್ಲಿ ಮೊದಲ ಸಲ ಅರಳಿತು.

"ಇದನ್ನ ಮೊದಲೇ ಹೇಳಬಾರದಾ? ಮಡಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ! ಯೀಸ್ಟು ಜೆರಾಕ್ಸು ಅಂತ ಏನೇನೋ ಹೇಳ್ತಾ ಇದೀಯ."

ಆಮೇಲೆ ನಡೆದದ್ದರಲ್ಲಿ ವಿಜ್ಞಾನದ ಪಾಲು ಕಡಿಮೆ. ಅತ್ತೆ ತಲೆಗೆ ನೀರು ಹುಯ್ದುಕೊಂಡು, ಯಾರೂ ಮುಟ್ಟದ ಹಾಗೆ ಹಗ್ಗದ ಮೇಲೆ ಕೋಲಿನಿಂದ ಹರವಿದ್ದ ಮಡಿ ಸೀರೆಯುಟ್ಟು ಬಂದರು. ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿದರು. ಕೈಗವಸು ನೋಡಿ, "ಈ ರಬ್ಬರು ಯಾರ್ಯಾರು ಮುಟ್ಟಿದ್ದೋ?" ಎಂದರು. ಕಾರ್ಖಾನೆಯಲ್ಲಿ ಮಿಷನ್ನೇ ಮಾಡಿ ಮುಚ್ಚಿದ್ದು, ಮನುಷ್ಯರ ಕೈ ತಾಗಿಲ್ಲ ಎಂದ ಮೇಲೆ ಒಪ್ಪಿದರು. ಹುಡುಗಿ ಚಿಮಟ ಹಿಡಿದು ಮುಂದೆ ಬಂದಾಗ ಕೈ ಅಡ್ಡ ಹಾಕಿದರು.

"ನಿನ್ನ ಸ್ನಾನ ಆಗಿದೆಯಾ?"

"ಹಾಸ್ಟೆಲಲ್ಲಿ ಬೆಳಿಗ್ಗೆ ನೀರು ಬರಲಿಲ್ಲ ಬಾಮ್ಮಾ."

"ಹಾಗಾದ್ರೆ ದೂರ ನಿಲ್ಲು."

"ಬಾಮ್ಮಾ, ಸಂಶೋಧನೆ ನನ್ನದು!"

"ಬಳ್ಳಿ ನನ್ನದು."

ಹೀಗೆ ಸಂಶೋಧಕಿ ಬಾಲ್ಕನಿಯ ಹೊಸ್ತಿಲಾಚೆ ನಿಂತು ಎಡಕ್ಕೆ, ಬಲಕ್ಕೆ, ಸಾಕು ಎಂದು ಹೇಳುತ್ತಿದ್ದಳು; ಅತ್ತೆ ಬಾಯಿಗೆ ಸೆರಗಿನ ಬದಲು ಲ್ಯಾಬಿನ ಮಾಸ್ಕ್ ಕಟ್ಟಿಕೊಂಡು ಕುಡಿಯನ್ನು ಕತ್ತರಿಸಿ ಚೀಲದೊಳಕ್ಕೆ ಬಿಟ್ಟರು. ಆಫೀಸಿಗೆ ಹೊರಟಿದ್ದ ಮಗ ಏನೆಂದು ನೋಡಲು ಹತ್ತಿರ ಬಂದರೆ, "ಅಲ್ಲೇ ನಿಲ್ಲು, ಡಿಎನ್‌ಎ!" ಎಂದು ಗದರಿದರು.

ಎರಡು ವಾರ ಕಳೆಯಿತು. ಆ ಮಂಗಳವಾರ ಬಾಗಿಲು ತೆಗೆದಾಗ ಹುಡುಗಿಯ ಚಪ್ಪಲಿ ದಿಕ್ಕಿಗೊಂದಾಗಿ ಹಾರಿತು. ನನಗೆ ಸಮಾಧಾನವಾಯಿತು.

"ಬಂತು! ಬಳ್ಳೀನೇ ಬಂತು! ಆ ಕೆಟ್ಟದ್ದು ಅಲ್ಲ ಬಾಮ್ಮಾ, ಖಂಡಿತ ಅಲ್ಲ."

ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಮುಗಿದ ಕೈಯನ್ನು ಬಿಡದೆ ಕೇಳಿದರು: "ಹಾಗಾದ್ರೆ ಅಮೃತಬಳ್ಳಿ."

"ಅದರ ಅಕ್ಕ."

"ಅಂದ್ರೆ?"

"ಒಂದೇ ಮನೆತನ. ಹಳೇ ವೈದ್ಯದ ಪುಸ್ತಕದಲ್ಲಿ ಇದಕ್ಕೂ ಬೇರೆ ಹೆಸರಿದೆ, ಇದನ್ನೂ ಬಳಸ್ತಾರೆ. ಎಲೆ ಹಿಂದೆ ಮುಟ್ಟಿ ನೋಡಿ, ಮಖಮಲ್ ಥರ ಸಣ್ಣ ರೋಮ ಇರತ್ತೆ. ಅದಕ್ಕಿರಲ್ಲ, ಇದಕ್ಕಿರತ್ತೆ."

ಆ ರೋಮ ನನಗೆ ಮೂರು ವರ್ಷದಿಂದ ಗೊತ್ತು. ಸಮುದ್ರದ ಗಾಳಿಯ ಧೂಳನ್ನು ಎಲೆಯಿಂದ ಒರೆಸುವಾಗ ಬೆಕ್ಕಿನ ಮರಿಯ ಕಿವಿ ಮುಟ್ಟಿದ ಹಾಗಾಗುತ್ತದೆ ಎಂದುಕೊಳ್ಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಫ್ರೀಜರೂ ಬೇಡ, ಜೆರಾಕ್ಸೂ ಬೇಡವಾಗಿತ್ತು. ಹುಡುಗಿಗಂತೂ ಇದು ಲಾಭವೇ ಆಯಿತು. ಎಲ್ಲಿಂದ ಬಂತು, ಎಲ್ಲೆಲ್ಲಿ ಬೆಳೆಯಿತು ಎಂದು ಗೊತ್ತಿರುವ ಅಕ್ಕನ ಮಾದರಿ ಅವಳ ಬಳಿ ಇರಲೇ ಇಲ್ಲವಂತೆ.

"ಇದನ್ನ ದಿನಾ ಕುಡಿದ್ರೆ ಏನೂ ಆಗಲ್ವಾ?" ಅತ್ತೆಗೆ ಬೇಕಾಗಿದ್ದುದು ಇದೊಂದೇ.

"ಆಗಬಾರದು ಬಾಮ್ಮಾ. ಆದ್ರೆ ದಿನಾ ಕುಡಿದವರನ್ನ ಕೂರಿಸಿ ಯಾರೂ ಸರಿಯಾಗಿ ನೋಡಿಲ್ಲ."

ಹುಡುಗಿ ಹೋದ ಮೇಲೆ ಅತ್ತೆ ಎದ್ದು ಒಳ್ಳೆಯ ಸೀರೆಯುಟ್ಟು ಬಂದರು. "ನಡಿ. ಹೇಳಿದ್ದೊಂದು, ಕೊಟ್ಟಿದ್ದೊಂದು ಆಗಿದೆ. ಮೂರು ಮನೆಗೂ ಹೋಗಿ ಹೇಳಿ ಬರೋಣ."

"ಅಕ್ಕ ತಾನೇ ಅತ್ತೆ, ಇರಲಿ ಬಿಡಿ."

"ನಿನ್ನನ್ನ ನೋಡೋಕೆ ಬಂದು ನಿಮ್ಮಕ್ಕನ್ನ ಕರ್ಕೊಂಡು ಹೋಗಿದ್ರೆ ನೀನು ಬಿಡ್ತಿದ್ಯಾ?"

ಹೋದೆವು. ಎರಡನೆಯ ಮಹಡಿಯ ಟೀಚರ್ ಬಾಗಿಲು ತೆರೆದರು. ಅತ್ತೆ ಲಿಫ್ಟಿನಲ್ಲಿ ಬಾಯಿಪಾಠ ಮಾಡಿಕೊಂಡ ತೆಲುಗನ್ನು ಒಂದೇ ಉಸಿರಿಗೆ ಹೇಳಿದರು: "ಅದಿ ಕಾದಟ, ದಾನಿ ಅಕ್ಕಟ." ಅದು ಅಲ್ಲವಂತೆ, ಅದರ ಅಕ್ಕನಂತೆ. ಟೀಚರ್ ಯಾರದೋ ಮದುವೆಯ ಮಾತೆಂದುಕೊಂಡು ಒಳಗೆ ಕರೆದು ಕೂರಿಸಿ, ಹುಡುಗ ಏನು ಮಾಡುತ್ತಾನೆ ಎಂದು ಕೇಳಿ, ನಾನು ಬಿಡಿಸಿ ಹೇಳಿದ ಮೇಲೆ ಕೆಂಪಗಾದರು.

"ಬಾಮ್ಮಗಾರೂ, ಏನೂ ಅಂದ್ಕೋಬೇಡಿ. ನಾನು ಒಂದು ವಾರ ಕುಡಿದೆ. ಆಮೇಲೆ... ನಮ್ಮ ನಿಂಬೆ ಗಿಡಕ್ಕೆ."

ಮೂರನೆಯ ಮಹಡಿಯಲ್ಲಿ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. "ಅಕ್ಕ ಆದ್ರೇನು ಬಾಮ್ಮಗಾರೂ, ತಂಗಿ ಆದ್ರೇನು, ಆ ಚೇದು ನನ್ನ ಕೈಲಾಗಲಿಲ್ಲ," ಎಂದು ಕಹಿಯನ್ನು ನೆನೆದು ಮುಖ ಹಿಂಡಿ, ಕೈ ತೊಳೆಯುವ ತೊಟ್ಟಿಯನ್ನು ತೋರಿಸಿದರು. ಐದನೆಯ ಮಹಡಿಯ ಗಂಡ ಹೆಂಡತಿಗೆ ನಮ್ಮೆದುರೇ ಜಗಳ ಹತ್ತಿತು. ಅವರು ಇವರಿಗೆ ಬಿಟ್ಟಿದ್ದರು, ಇವರು ಅವರಿಗೆ ಬಿಟ್ಟಿದ್ದರು. ಲೋಟ ತೊಳೆಯುತ್ತಿದ್ದ ಕೆಲಸದಾಕೆ ಏನು ಮಾಡುತ್ತಿದ್ದಳೋ ದೇವರಿಗೇ ಗೊತ್ತು.

ಲಿಫ್ಟು ಮೇಲೇರತೊಡಗಿತು. ಅತ್ತೆ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು.

"ಒಬ್ಬರೂ ಕುಡಿದಿಲ್ಲ. ಸ್ವಾಮಿ ದೊಡ್ಡವನು."

ಆರನೆಯ ಮಹಡಿ ದಾಟಿತು. ಮುಖದ ಬಣ್ಣ ಬದಲಾಯಿತು.

"ಒಬ್ಬರೂ ಕುಡಿದಿಲ್ಲವೇನೇ?"

ಮನೆಯೊಳಗೆ ಬಂದು ಮಗನ ಕಡೆ ನೋಡಿದರು. ನನ್ನ ಗಂಡ ಪತ್ರಿಕೆಯನ್ನು ಕಣ್ಣಿನ ಮಟ್ಟದಿಂದ ಹಣೆಯ ಮಟ್ಟಕ್ಕೆ ಏರಿಸಿದರು. ಅದೇ ಉತ್ತರವಾಯಿತು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿದರು. ಹಿಂದೆಂದೂ ಅವರು ನನ್ನನ್ನು ಅಷ್ಟು ಹೆದರಿಕೆಯಿಂದ ನೋಡಿರಲಿಲ್ಲ.

"ನೀನು?"

"ಕುಡಿದಿದೀನಿ ಅತ್ತೆ."

"ಎಲ್ಲಾನೂ?"

"ಮೂಗು ಹಿಡ್ಕೊಂಡು. ದಿನಾ."

ಅವರು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ನಾನೂ ಸ್ವಲ್ಪ ಕರಗಿದೆ. ಆಗ ಅವರು ನನ್ನ ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ನಾಳೆ ಬೆಳಿಗ್ಗೆ ಏನೂ ತಿನ್ನಬೇಡ. ಲಿವರ್ ಟೆಸ್ಟು," ಎಂದರು.

ರಕ್ತ ಕೊಡುವಾಗ ಪಕ್ಕದಲ್ಲೇ ನಿಂತಿದ್ದರು. ಸೂಜಿ ಚುಚ್ಚುವ ಹುಡುಗಿಯನ್ನು ಸ್ನಾನ ಆಗಿದೆಯೇ ಎಂದು ಕೇಳದಂತೆ ತಡೆಯುವುದೇ ನನಗೆ ದೊಡ್ಡ ಕೆಲಸವಾಯಿತು. ಸಂಜೆ ರಿಪೋರ್ಟ್ ಬಂತು. ಅದರಲ್ಲಿನ ಪ್ರತಿಯೊಂದು ಸಾಲನ್ನೂ ಮಗನಿಂದ ಎರಡು ಸಲ ಓದಿಸಿದರು. ಎಲ್ಲವೂ ಇರಬೇಕಾದಷ್ಟೇ ಇತ್ತು. "ಮೂರು ವರ್ಷ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮೂರು ವರ್ಷ ಕುಡಿದ ಲಿವರು!" ಆ ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡು ಉಂಡರು.

ಮರುದಿನ ನನಗೆ ಎಚ್ಚರವಾದದ್ದು ಮೆಣಸು ಜಜ್ಜುವ ಸದ್ದಿಗೆ. ಮುಖ ತೊಳೆದು ಬರುವಷ್ಟರಲ್ಲಿ ನನ್ನ ಲೋಟ ಮೇಜಿನ ಮೇಲೆ ಹಬೆಯಾಡುತ್ತಿತ್ತು, ಮುಂಬಾಗಿಲು ತೆರೆದಿತ್ತು. ಅತ್ತೆ ಲಿಫ್ಟಿನೆದುರು ನಿಂತಿದ್ದರು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ನೀಟಾಗಿ ಸೇರಿಸಿದ್ದ ನನ್ನ ಲಿವರಿನ ರಿಪೋರ್ಟು.

"ಇವತ್ತು ಅವರು ಕುಡಿಯೋವರೆಗೂ ಅಲ್ಲೇ ಕೂತಿರ್ತೀನಿ," ಎಂದು ಹೇಳಿ ಲಿಫ್ಟಿನ ಬಾಗಿಲು ಹಾಕಿಕೊಂಡರು.